ನಿವೃತ್ತಿಯಿಲ್ಲದ ದೇವರುಗಳು

ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡಕ್ಕಿರುವುದು 102 ಮಹಡಿ. ರಿಕ್ ರಿಯೊರ್ಡನ್ ಬರೆದ ಪರ್ಸಿ ಜಾಕ್ಸನ್ ಕಥೆಗಳಲ್ಲಿ ಮಾತ್ರ 600ನೆಯದೂ ಒಂದಿದೆ, ಕಾವಲುಗಾರನ ಕೃಪೆಯಿದ್ದರೆ ತಲುಪಬಹುದು. ಗ್ರೀಕ್ ದೇವರುಗಳ ಒಲಿಂಪಸ್ ಈಗ ಅಲ್ಲಿದೆ. ಪಶ್ಚಿಮದ ಪ್ರತಾಪ ಎಲ್ಲಿಗೆ ಹೋಗುತ್ತದೋ ಇವರೂ ಗಂಟುಮೂಟೆ ಸಮೇತ ಅಲ್ಲಿಗೇ ಹೋಗುವವರು. ಗ್ರೀಸಾಯಿತು, ರೋಮಾಯಿತು, ಈಗ ಅಮೆರಿಕ. ಸರ್ಕಾರ ಬದಲಾದ ಮರುದಿನವೇ ಶಾಲಿನ ಬಣ್ಣ ಬದಲಿಸುವವರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

2005ರ ಮೊದಲ ಪುಸ್ತಕದಲ್ಲಿ ಜ್ಯೂಸ್‌ನ ಸಿಡಿಲು ಕಳುವಾಗುತ್ತದೆ. ಹೈಡ್ರೋಜನ್ ಬಾಂಬೂ ಅದರೆದುರು ಆನೆಪಟಾಕಿ. ದೇವಾಧಿದೇವನ ಇಂಥ ಆಯುಧವನ್ನು ಹುಡುಕಲು ಹೊರಟವರು ಹನ್ನೆರಡು ವರ್ಷದ ಹುಡುಗ ಪರ್ಸಿ, ಒಬ್ಬಳು ಹುಡುಗಿ ಮತ್ತು ಆಡುಗಾಲಿನ ಒಬ್ಬ ಗೆಳೆಯ. ದೇವರುಗಳೇ ಏಕೆ ಹೋಗಲಿಲ್ಲ? ನಿಯಮ ಅಡ್ಡ ಬಂತು. ಒಬ್ಬ ದೇವರ ಲಾಂಛನವನ್ನು ಇನ್ನೊಬ್ಬ ದೇವರು ಕೈಯಾರೆ ಕಸಿಯುವಂತಿಲ್ಲ, ಕರೆಯದೆ ಇನ್ನೊಬ್ಬರ ಸರಹದ್ದಿಗೆ ಕಾಲಿಡುವಂತಿಲ್ಲ. ಮನುಷ್ಯರಲ್ಲಿ ತಮಗೆ ಹುಟ್ಟಿದ ಮಕ್ಕಳ ಕೈಯಲ್ಲಿ ಮಾಡಿಸಬಹುದು. ಕಡಲನ್ನೇ ಕಲಕಬಲ್ಲವರಿಗೆ ಒಂದು ಕಡತ ಮುಟ್ಟುವ ಅಧಿಕಾರವಿಲ್ಲ!

ಸಿಬ್ಬಂದಿಯ ಪಾಡೂ ಅಷ್ಟೇ. ಮುಟ್ಟಬಾರದ ವನದೇವತೆಯ ಬೆನ್ನುಬಿದ್ದ ತಪ್ಪಿಗೆ ಡಯನೈಸಸ್‌ನನ್ನು ನೂರು ವರ್ಷಗಳ ಮಟ್ಟಿಗೆ ಇಂಥ ಮಕ್ಕಳ ಶಿಬಿರಕ್ಕೆ ಎತ್ತಂಗಡಿ ಮಾಡಲಾಗಿದೆ. ಮದ್ಯದ ದೇವರು ಅಲ್ಲಿ ಡಯಟ್ ಕೋಕ್ ಹೀರುತ್ತ, ಮಕ್ಕಳ ಹೆಸರನ್ನು ಬೇಕೆಂದೇ ತಪ್ಪಾಗಿ ಕರೆಯುತ್ತ ದಿನ ನೂಕುತ್ತಾನೆ. ಸತ್ತವರನ್ನು ದಾಟಿಸುವ ಕೇರನ್‌ಗೆ ಇಟಾಲಿಯನ್ ಸೂಟುಗಳ ಹುಚ್ಚು, ಜತೆಗೆ ಸಂಬಳ ಏರಲಿಲ್ಲವೆಂಬ ಕೊರಗು. ಅದನ್ನು ಯಮಪದವಿಯ ಹೇಡೀಸ್‌ನ ಕಿವಿಗೆ ಹಾಕಿದರೆ, ಜನಸಂಖ್ಯೆ ವಿಪರೀತ, ನೌಕರರ ಓವರ್‌ಟೈಮ್ ಕೊಟ್ಟೇ ಸಾಕಾಗಿದೆ ಎಂದು ಅವನೇ ಅಳುತ್ತಾನೆ. ಸೂರ್ಯ ಹೀಲಿಯಸ್‌ನನ್ನೂ ಚಂದ್ರದೇವಿ ಸೆಲೀನಿಯನ್ನೂ ಜನ ಮರೆತರು, ಇಬ್ಬರೂ ಮಾಸಿಯೇ ಹೋದರು. ಖಾಲಿಯಾದ ಹುದ್ದೆಗಳಿಗೆ ನೇಮಕಾತಿ ನಡೆಯಲಿಲ್ಲ. ಅಪೋಲೋ ಮತ್ತು ಆರ್ಟೆಮಿಸ್‌ಗೆ ಹೆಚ್ಚುವರಿ ಪ್ರಭಾರ. ಅಮರತ್ವವೂ ಹೀಗೆ ಜನರ ನೆನಪಿನ ಮೇಲೆ ನಿಂತ ಗುತ್ತಿಗೆ ನೌಕರಿಯೇ.

ಇಷ್ಟರವರೆಗೆ ನಗು ಬರುತ್ತದೆ. ಶಿಬಿರದ ಹರ್ಮಿಸ್ ಕ್ಯಾಬಿನ್ನಿಗೆ ಬಂದರೆ ಬರುವುದಿಲ್ಲ. ತಮ್ಮವರೆಂದು ಯಾವ ದೇವರೂ ಒಪ್ಪಿಕೊಳ್ಳದ ಮಕ್ಕಳೆಲ್ಲ ಅಲ್ಲಿ ನೆಲದ ಮೇಲೆ ಮಲಗುವ ಚೀಲ ಹಾಸಿಕೊಂಡು ಮಲಗಿದ್ದಾರೆ. ಸಾವಿರಾರು ವರ್ಷಗಳ ಆಯುಷ್ಯವುಳ್ಳವರಿಗೆ ‘ಇದು ನನ್ನ ಮಗು’ ಎನ್ನಲು ಅರೆಗಳಿಗೆ ಸಿಕ್ಕಿಲ್ಲ. ಸಿಡಿಲು ಕದ್ದ ಲೂಕ್ ಹರ್ಮಿಸ್‌ನ ಮಗನೇ. ಅವನು ಮಾಡಿದ್ದು ದ್ರೋಹ ನಿಜ, ಆದರೆ ದೇವರುಗಳು ಮಕ್ಕಳನ್ನು ಮರೆತರೆಂಬ ಅವನ ಅರ್ಜಿಯಲ್ಲಿ ಸುಳ್ಳಿರಲಿಲ್ಲ.

2009ರ ಐದನೇ ಪುಸ್ತಕದ ಕೊನೆಗೆ, ದೇವರುಗಳಿಗೆ ಯುದ್ಧ ಗೆಲ್ಲಿಸಿಕೊಟ್ಟ ಪರ್ಸಿಗೆ ಜ್ಯೂಸ್ ದೇವರ ಪಟ್ಟವನ್ನೇ ಕೊಡಹೋಗುತ್ತಾನೆ. ನಮ್ಮ ಪುರಾಣದ ರಾಕ್ಷಸರು ಒಂಟಿಕಾಲಲ್ಲಿ ನಿಂತು, ಹುತ್ತಗಟ್ಟಿ ಬೇಡಿದ ವರವದು. ಹುಡುಗ ಬೇಡವೆಂದ. ಬದಲಿಗೆ ಕೇಳಿದ್ದು, ಮಕ್ಕಳಿಗೆ ಹದಿಮೂರು ತುಂಬುವುದರೊಳಗೆ ಅವರವರ ದೇವರು ಅವರನ್ನು ತಮ್ಮವರೆಂದು ಒಪ್ಪಿಕೊಳ್ಳಬೇಕು, ಹಾಗೆಂದು ಸ್ಟಿಕ್ಸ್ ನದಿಯ ಮೇಲೆ ಆಣೆ ಇಡಬೇಕು ಎಂದು. ಜನನ ಪತ್ರಕ್ಕೆ ಸಹಿ ಹಾಕಿಸಲು ಮಹಾಯುದ್ಧವೇ ಆಗಬೇಕಾಯಿತು.

ಪಟ್ಟ ಬೇಡವೆಂದವನನ್ನು ಕಚೇರಿ ಸುಮ್ಮನೆ ಬಿಡುತ್ತದೆಯೇ? 2023ರ ಪುಸ್ತಕದಲ್ಲಿ ಪರ್ಸಿಗೆ ಕಾಲೇಜು ಸೇರುವ ಆಸೆ. ಮೂವರು ದೇವರುಗಳ ಶಿಫಾರಸು ಪತ್ರ ತಾ ಎಂದರು. ಏಕೆಂದರೆ ಜ್ಯೂಸ್, ಪೊಸೈಡನ್, ಹೇಡೀಸ್ ಎಂಬ ಹಿರಿಯ ದೇವರು ಮೂವರೂ ಮಕ್ಕಳು ಮಾಡಿಕೊಳ್ಳುವುದಿಲ್ಲವೆಂದು ಆಣೆ ಇಟ್ಟಿದ್ದರು, ಪರ್ಸಿಯ ತಂದೆ ಪೊಸೈಡನ್ ಅದನ್ನು ಮುರಿದಿದ್ದ. ತಪ್ಪು ಅಪ್ಪನದು, ಅಲೆದಾಟ ಮಗನದು. (ಜ್ಯೂಸ್ ಕೂಡ ಆಣೆ ಮುರಿದವನೇ. ಆ ಕಡತ ಯಾರೂ ತೆರೆಯುವುದಿಲ್ಲ.) ಮೊದಲ ಪತ್ರಕ್ಕಾಗಿ ಹುಡುಕಿಕೊಡಬೇಕಾಗಿದ್ದು ಗ್ಯಾನಿಮೀಡನ ಕಳೆದುಹೋದ ಪಾನಪಾತ್ರೆಯನ್ನು. ಅದರಲ್ಲಿ ಒಂದು ಗುಟುಕು ಕುಡಿದರೆ ಮನುಷ್ಯ ಅಮರ. ಹುಡುಗ ಅದನ್ನು ಹುಡುಕಿದ, ಹಿಂದಿರುಗಿಸಿದ, ಪತ್ರ ಪಡೆದ.

2024ರಲ್ಲಿ ಎರಡನೇ ಪತ್ರದ ಸರದಿ. ದೇವಿ ಹೆಕಟೆ ಪ್ರವಾಸ ಹೊರಟಿದ್ದಾಳೆ. ದೇವಪದವಿಯನ್ನು ಬೇಡವೆಂದ ಹುಡುಗ ಅವಳ ನಾಯಿಯ ಹಗ್ಗ ಹಿಡಿದು ವಾಕಿಂಗ್ ಕರೆದೊಯ್ಯುತ್ತಿದ್ದಾನೆ.