ಹಲ್ಲಿಗೆ ತಂತಿ, ಮನೆಗೆಲ್ಲ ಪಥ್ಯ

ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಿದ ದಿನದಿಂದ ನಮ್ಮ ಮನೆಯ ಚಕ್ಕುಲಿ, ಕೋಡುಬಳೆ ಭೂಗತವಾಗಿವೆ. ಸುಮಾರು 2 ವರ್ಷದ ಪಥ್ಯ. ಡಾಕ್ಟರು ಹೇಳಿದ್ದು ಅವಳಿಗೆ, ಜಾರಿಯಾದದ್ದು ನನಗೆ. "ಮಗು ಇಡ್ಲಿ ನುಂಗುವಾಗ ನಿಮ್ಮ ಬಾಯಿ ಕಟಕಟ ಅಂದರೆ ನೋಡಿ!" ಎಂದು ಹೆಂಡತಿಯ ಎಚ್ಚರಿಕೆ. ಹಾಗಾಗಿ ನಿಪ್ಪಟ್ಟನ್ನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ತಿನ್ನುತ್ತೇನೆ.

ತಂತಿ ಬಿಗಿ ಮಾಡಿಸಿಕೊಂಡು ಬಂದ ಎರಡು ಮೂರು ದಿನ ಮೊಸರನ್ನವೇ ಗತಿ, ಮೌನವೇ ಭಾಷೆ. ಕೆನ್ನೆಗೆ ಚುಚ್ಚುವ ತಂತಿಗೆ ಮೇಣ, ಸಿಕ್ಕಿಕೊಂಡ ಕೊತ್ತಂಬರಿಗೆ ಪುಟ್ಟ ಬ್ರಷ್ಷು, ಎರಡೂ ನನ್ನ ಜೇಬಲ್ಲೇ.

ಫೋಟೊಗೆ ತುಟಿ ಬಿಗಿದುಕೊಂಡವಳಿಗೆ, "ಧಾರಾಳವಾಗಿ ನಗು ಪುಟ್ಟಿ, ಕಂತು ಕಟ್ಟುತ್ತಿರುವ ನಗು ಅದು" ಎಂದೆ.

"ಅಪ್ಪಾ, ಮೊದಲು ಮೀಸೆ ಮೇಲಿನ ನಿಪ್ಪಟ್ಟಿನ ಪುಡಿ ಒರೆಸ್ಕೋ" ಎಂದಳು, ತಂತಿ ಪೂರ್ತಿ ಕಾಣುವಂತೆ ನಕ್ಕು.