ಸೆಕ್ಯೂರಿಟಿ ಚೆಕ್ ಮಹಾತ್ಮೆ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರಿಗೆ ಪುಣ್ಯ ಬೇಕೆಂದರೆ ಮುಂಚೆ ಎರಡೇ ಬೆಟ್ಟ. ಮಾದಪ್ಪನದೊಂದು, ಬಿಳಿಗಿರಿರಂಗನದೊಂದು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾಗಿ ಮೂರನೆಯ ಕ್ಷೇತ್ರವೂ ಒದಗಿತು. ಹಳೆಯ ಎಚ್‌ಎಎಲ್ ನಿಲ್ದಾಣ ಬೆಂಗಳೂರಿನ ಒಳಗೇ ಇತ್ತು. ಸಲೀಸಾಗಿ ಸಿಗುವ ಕ್ಷೇತ್ರಕ್ಕೆ ಮಹಿಮೆ ಎಲ್ಲಿಂದ ಬರಬೇಕು? ಈಗ ಮಳವಳ್ಳಿ, ಕನಕಪುರ ಹಾದು, ಬೆಂಗಳೂರನ್ನು ದಕ್ಷಿಣದಲ್ಲಿ ಹೊಕ್ಕು ಉತ್ತರದಲ್ಲಿ ಹೊರಬೀಳಬೇಕು. ಒಂದು ಗಂಟೆ ಹಾರಲು ಒಂದು ಹಗಲು ನೆಲದ ಮೇಲೆ ತಪಸ್ಸು.

ಈ ಕ್ಷೇತ್ರದ ಗರ್ಭಗುಡಿಯೇ ಸೆಕ್ಯೂರಿಟಿ ಚೆಕ್. ಬೆಟ್ಟದಲ್ಲಿ ಮುಡಿ ಕೊಟ್ಟರೆ ಸಾಕು. ಇಲ್ಲಿ ಬೆಲ್ಟು, ಗಡಿಯಾರ, ಪರ್ಸು, ಮೊಬೈಲು ಎಲ್ಲವನ್ನೂ ಟ್ರೇಗೆ ಅರ್ಪಿಸಬೇಕು. ಸಾಹುಕಾರನೂ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ನಿಲ್ಲುತ್ತಾನೆ. ಇಂಥ ಸಮಾನತೆಯನ್ನು ಯಾವ ಚಳವಳಿ ತಂದೀತು? ಅಜ್ಜ ಕಟ್ಟಿಸಿದ ಬೆಳ್ಳಿ ಉಡಿದಾರವನ್ನು ಮೊಮ್ಮಗ ಮರೆತಿದ್ದರೂ ಯಂತ್ರ ಮರೆಯುವುದಿಲ್ಲ. ಕುಂಯ್ ಎಂದು ನೆನಪಿಸುತ್ತದೆ.

ಅಮೆರಿಕದ ಮಗನನ್ನು ನೋಡಲು ಹೊರಟ ತಾಯಿ ಕೈಚೀಲದಲ್ಲಿ ಮನೆತುಪ್ಪ, ಸೋಲಿಗರ ಜೇನು, ಎಲೆಅಡಿಕೆ ಸಂಚಿಯಲ್ಲಿ ಅಡಕತ್ತರಿ ಇಟ್ಟುಕೊಂಡಿರುತ್ತಾಳೆ. ಮೂರೂ ಅಲ್ಲೇ ಉಳಿಯುತ್ತವೆ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ನೂರು ಮಿಲಿಲೀಟರಿಗಿಂತ ದೊಡ್ಡ ಸೀಸೆ ಕೈಸಾಮಾನಿನಲ್ಲಿ ಹೋಗುವಂತಿಲ್ಲ. ಇನ್ನೂರು ಮಿಲಿಯ ಸೀಸೆಯ ತಳದಲ್ಲಿ ಒಂದೇ ಚಮಚ ಜೇನಿದ್ದರೂ ಅದು ದೊಡ್ಡ ಸೀಸೆಯೇ. ಕಾನೂನು ಸೀಸೆಯನ್ನು ನೋಡುತ್ತದೆ, ಜೇನನ್ನಲ್ಲ. ನಾಲಗೆ ಒಣಗಿದವರಿಗಾಗಿ ಒಳಗಡೆ ಅಂಗಡಿಗಳಿವೆ. ಅಲ್ಲಿನ ನೀರು ನಿರಪಾಯಕಾರಿ ಎಂಬುದನ್ನು ಅದರ ಬೆಲೆಯೇ ಸಾರುತ್ತದೆ.

ಒಣಕೊಬ್ಬರಿಗಂತೂ ವಿಮಾನದ ಹೊಟ್ಟೆಯಲ್ಲೂ ಜಾಗವಿಲ್ಲ. ಎಣ್ಣೆ ಪದಾರ್ಥ, ಹೊತ್ತಿಕೊಂಡೀತು. ಹಾಗೆಂದು ಭಕ್ತಿಗೆ ಬೆಲೆಯಿಲ್ಲ ಎನ್ನಬೇಡಿ. 2024ರಲ್ಲಿ ಶಬರಿಮಲೆ ಯಾತ್ರಿಕರ ಇರುಮುಡಿಯ ತೆಂಗಿನಕಾಯಿಗೆ ಕೆಲವು ತಿಂಗಳ ಮಟ್ಟಿಗೆ ಕ್ಯಾಬಿನ್ ಪ್ರವೇಶ ಸಿಕ್ಕಿತು. ಮಾದಪ್ಪನ ಒಕ್ಕಲು ನಡೆದೇ ಬೆಟ್ಟ ಹತ್ತುವವರು. ಅರ್ಜಿ ಹಾಕುವ ಪ್ರಮೇಯ ಬಂದಿಲ್ಲ.

ಯಳಂದೂರಿನವರಿಗೆ ಬೂಟು ಬಿಚ್ಚುವ ವಿಧಿ ಹೊಸದೇನಲ್ಲ. ರಂಗನ ಬೆಟ್ಟದಲ್ಲಿ ದೇವರ ದೊಡ್ಡ ಚಪ್ಪಲಿಗೆ ತಲೆಯೊಡ್ಡಿ ಆಶೀರ್ವಾದ ಪಡೆದವರು ಅವರು. 2001ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಿಂದ ಹೊರಟ ಒಬ್ಬನ ಬೂಟಿನಲ್ಲಿ ಬಾಂಬು ಸಿಕ್ಕಿತೆಂದು ಅಮೆರಿಕ ಊರವರೆಲ್ಲರ ಬೂಟು ಬಿಚ್ಚಿಸಿತು. ಸಾಕೆನ್ನಲು 2025 ಬರಬೇಕಾಯಿತು. ಸದ್ಯ, ಅವನು ಬಾಂಬನ್ನು ಪಂಚೆಯಲ್ಲಿ ಕಟ್ಟಿಕೊಂಡಿರಲಿಲ್ಲ.

2022ರ ಡಿಸೆಂಬರಿನಲ್ಲಿ ಡಿಜಿಯಾತ್ರಾ ಬಂದ ಮೇಲೆ ಮುಖ ತೋರಿಸಿದರೆ ಬಾಗಿಲು ತೆರೆಯುತ್ತದೆ. ಗುರುತು ಸಿಕ್ಕಿತೆಂದು ಜೇಬು ತಡಕುವುದನ್ನು ಯಾರೂ ಬಿಡುವುದಿಲ್ಲ. ಪರಿಚಯ ಬೇರೆ, ನಂಬಿಕೆ ಬೇರೆ ಎಂಬ ಲೋಕಜ್ಞಾನ ಅದು.

ಜೇಬು ತಡಕಿಸಿಕೊಳ್ಳುವ ಈ ವಿದ್ಯೆಯಲ್ಲಿ ಹನೂರಿನವರು ಎಲ್ಲರಿಗಿಂತ ಹಿರಿಯರು. 2004ರ ಅಕ್ಟೋಬರಿನಲ್ಲಿ ಕಾಡುಗಳ್ಳ ವೀರಪ್ಪನ್ ಕತೆ ಮುಗಿಯುವವರೆಗೂ ಆ ಕಾಡುದಾರಿಗಳಲ್ಲಿ ಪೊಲೀಸರು ಬಸ್ಸು ನಿಲ್ಲಿಸುತ್ತಿದ್ದರು, ಜನರನ್ನು ಇಳಿಸುತ್ತಿದ್ದರು, ಚೀಲ ಬಿಚ್ಚಿಸಿ ಇಷ್ಟು ಅಕ್ಕಿ ಯಾರಿಗೆ ಎಂದು ವಿಚಾರಿಸುತ್ತಿದ್ದರು. ಜನ ಅದನ್ನು ಕಿರುಕುಳ ಎಂದರು. ತಪ್ಪು ಅವರದಲ್ಲ, ಸೇವೆ ಪುಕ್ಕಟೆಯಾಗಿತ್ತು. ವಿಮಾನದ ಟಿಕೆಟ್ಟಿನಲ್ಲಾದರೆ 2021ರ ಏಪ್ರಿಲಿನಿಂದ ದೇಶದೊಳಗಿನ ಪ್ರಯಾಣಕ್ಕೆ 200 ರೂಪಾಯಿ, ಹೊರದೇಶಕ್ಕೆ 12 ಡಾಲರ್ ಭದ್ರತಾ ಶುಲ್ಕ. ಕಾಸು ಕೊಟ್ಟು ಕೈಯೆತ್ತಿ ನಿಂತರೆ ಅದು ಸೌಲಭ್ಯ.

ಆದ್ದರಿಂದ ಈ ಸೌಲಭ್ಯವನ್ನು ಕೊಳ್ಳೇಗಾಲದ ಬಸ್ ನಿಲ್ದಾಣಕ್ಕೂ ವಿಸ್ತರಿಸಬೇಕೆಂದು ಸರ್ಕಾರವನ್ನು ಕೋರುತ್ತೇವೆ. ಹೆಸರು ಕೇಳದೆ ಹತ್ತಿಸಿಕೊಳ್ಳುವುದು, ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವುದು, ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂರುವುದು ಇನ್ನು ಸಾಕು. ಪ್ರಯಾಣಿಕರು ಎರಡು ಗಂಟೆ ಮುಂಚೆ ಬರಲಿ. ಕೋಳಿ ಟ್ರೇಯಲ್ಲಿ ಕೂರಲಿ. ಹೀಗಾದರೆ ಹನೂರಿನ ಕೊನೇ ಬಸ್ಸು ತಪ್ಪುತ್ತದೆಂದು ಕೆಲವರು ತಕರಾರು ತೆಗೆದಾರು. ಜನ ಹತ್ತದಿದ್ದರೇನಂತೆ, ಬಸ್ಸು ಸುರಕ್ಷಿತವಾಗಿ ಹೋಗಿ ತಲುಪುತ್ತದಲ್ಲ.