ಕೊಂಬಿನ ಲೆಕ್ಕ

ದೋಹಾದಿಂದ ರಜೆಗೆ ಬಂದ ಅಣ್ಣನ ಮಗ ಬೆಂಗಳೂರಿನಲ್ಲಿ ನನ್ನ ಕೈಗೆ ಖರ್ಜೂರದ ಜೊತೆ ಒಂದು ಬಿಳಿ ಪಿಂಗಾಣಿ ಓರಿಕ್ಸನ್ನೂ ಇಟ್ಟ. ಅರಬ್ ಮರಳುಗಾಡಿನ ಹುಲ್ಲೆ ಅದು. ಮೊಳದುದ್ದ ಕೊಂಬು ಮುರಿಯದಿರಲಿ ಎಂದು ರೈಲಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಮಂಡ್ಯಕ್ಕೆ ಹೊರಟೆ. ಮದ್ದೂರು ಬಂತು. ವಡೆಯ ಕೂಗು ಕೇಳಿದ ಮೇಲೂ ಮಡಿಲಿನ ಜ್ಞಾಪಕ ಇಟ್ಟುಕೊಳ್ಳುವವನು ನಮ್ಮ ಜಿಲ್ಲೆಯವನೇ ಅಲ್ಲ. ಎದ್ದೆ. ವಡೆ ಸಿಕ್ಕಿತು, ಒಂದು ಕೊಂಬು ಹೋಯಿತು.

ಎದುರಿಗೆ ಮಳವಳ್ಳಿ ಕಡೆಯ ಯಜಮಾನರು ಕೂತಿದ್ದರು. "ಏನ್ ಸ್ವಾಮಿ ಅದು?"

"ಓರಿಕ್ಸ್."

"ಓರಿನಾ? ಓರಿ ಎಲ್ಲಾದ್ರೂ ಹಿಂಗಿದ್ದದಾ?"

ಹಕಾರದ ಹಂಗಿಲ್ಲದ ನಮ್ಮ ಸೀಮೆಯಲ್ಲಿ ಹೋರಿ ಓರಿಯಾಗಿ ಯಾವ ಕಾಲವಾಯಿತೋ! ಆದರೆ ತಮಾಷೆ ನೋಡಿ, 2006ರ ದೋಹಾ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿ ಮೆರೆದ ಓರಿಕ್ಸಿಗೆ ಕತಾರಿನವರು ಇಟ್ಟ ಹೆಸರೂ 'ಓರಿ'ಯೇ. ಗ್ರೀಕರಿಗಂತೂ ಓರಿಕ್ಸ್ ಎಂದರೆ ಪಿಕಾಸಿ. ಕೊಂಬಿನ ಚೂಪು ಅಂಥದ್ದು.

ನೆಟ್ಟಗಿನ ಆ ಎರಡು ಕೊಂಬು ಪಕ್ಕದಿಂದ ಒಂದೇ ಆಗಿ ಕಾಣುತ್ತವೆ. ಒಂಟಿಕೊಂಬಿನ ಕುದುರೆಯ ಕಥೆ ಅಲ್ಲಿಂದಲೇ ಹುಟ್ಟಿತೆನ್ನುವವರೂ ಇದ್ದಾರೆ, ಹಾಗಾಗಿ ಈಗಲೂ ಇದರ ಮರ್ಯಾದೆಗೆ ಕುಂದಿಲ್ಲ ಎಂದೆ. "ಗೋಂದು ಹಾಕಿ" ಎಂದರು ಯಜಮಾನರು.

ಕೊಂಬಿನ ಲೆಕ್ಕಕ್ಕೆ ಇಳಿದರೆ ಅವರ ತಾಲ್ಲೂಕೇ ವಿಚಿತ್ರ. ಮಳವಳ್ಳಿಗೂ ಚಾಚಿಕೊಂಡಿರುವ ಕಾವೇರಿ ವನ್ಯಜೀವಿಧಾಮದಲ್ಲಿ ಕೊಂಡುಕುರಿ ಇದೆ. ಹೆಸರಿಗೆ ಕುರಿ, ಕುಲದಲ್ಲಿ ಹುಲ್ಲೆ, ಗಂಡಿಗೆ ನಾಲ್ಕು ಕೊಂಬು. ಅದೇ ತಾಲ್ಲೂಕಿನ ಬಂಡೂರು ಕುರಿಗೋ ಕೊಂಬೇ ಇಲ್ಲ. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ಕುದುರೆಯ ಲಾಳವನ್ನು ತಿರುವಿಟ್ಟಂಥ ಆಕಾರ. ಕೊಂಬು ಹಂಚುವ ದಿನ ಬ್ರಹ್ಮನ ಕಚೇರಿಯಲ್ಲಿ ಏನೋ ಗೋಲ್‌ಮಾಲ್ ನಡೆದಿರಬೇಕು.

ಓರಿಕ್ಸಿನ ಪಾಡೂ ಸಣ್ಣದಲ್ಲ. ಜೀಪು, ಬಂದೂಕು ಎರಡೂ ಬಂದ ಮೇಲೆ ಮರಳುಗಾಡಿನಲ್ಲಿ ಅಡಗಲು ಜಾಗವೆಲ್ಲಿ? 1972ರ ಹೊತ್ತಿಗೆ ಕಾಡಿನಲ್ಲಿ ಒಂದೂ ಉಳಿಯಲಿಲ್ಲ. ಪುಣ್ಯಕ್ಕೆ ಅಷ್ಟರಲ್ಲಿ ಕೆಲವನ್ನು ಅಮೆರಿಕದ ಫೀನಿಕ್ಸ್ ಮೃಗಾಲಯಕ್ಕೆ ಸಾಗಿಸಿ ಸಾಕಿದ್ದರು. ಆ ಸಂತತಿಯನ್ನು 1982ರಲ್ಲಿ ಓಮನ್ನಿನ ಮರಳಿಗೆ ಮರಳಿ ಬಿಟ್ಟರು. ಈಗ ಕತಾರಿನವರು ಅದನ್ನು ವಿಮಾನದ ಬಾಲಕ್ಕೇ ಏರಿಸಿದ್ದಾರೆ. ನಾವು ಬಂಡೂರನ್ನು ಏರಿಸಿದ್ದು ಹೋಟೆಲಿನ ಬೋರ್ಡಿಗೆ. ಪ್ರೀತಿಯೇನು ಕಡಿಮೆಯಲ್ಲ, ಆದರೆ ಅದೆಲ್ಲ ನಾಲಿಗೆಯದು. ಬೇರೆ ತಳಿಗಳ ಬೆರಕೆಯಲ್ಲಿ ಶುದ್ಧ ಬಂಡೂರು ಕರಗುತ್ತಿದೆ, ಬೋರ್ಡುಗಳು ಮಾತ್ರ ಹೆಚ್ಚುತ್ತಿವೆ.

ಹಾಗಾಗಿ ಬೋರ್ಡು ನಂಬಬೇಡಿ. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವಿದೆ, ಅಸಲಿ ಬಂಡೂರನ್ನು ಅಲ್ಲಿ ಕಣ್ತುಂಬ ನೋಡಿಬನ್ನಿ. ಮಕ್ಕಳನ್ನೂ ಕರೆದೊಯ್ಯಿರಿ, ಹಾಯಲು ಅದಕ್ಕೆ ಕೊಂಬಿಲ್ಲ.